ಹಿಡಿ ಅಕ್ಕಿಯ ಚೀಲ

ಸುಗ್ಗಿ ಹಬ್ಬದ ಊಟಕ್ಕೆ ಇಟ್ಟ ಹಂಡೆಯ ಮುಚ್ಚಳ ತೆಗೆದಾಗ, ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಿದರೆ ಸಾಕು ಅನ್ನಿಸಿತು. ಮೇಲಿಂದ ನೋಡಿದರೆ ಅನ್ನ ಚೆನ್ನಾಗಿಯೇ ಬೆಂದಿತ್ತು. ಸೌಟು ಹಾಕಿ ಎತ್ತಿದರೆ ಅರ್ಧ ಅನ್ನ ಅಂಟಂಟು ಮುದ್ದೆ, ಅದರ ನಡುವೆ ದಪ್ಪ ದಪ್ಪ ಕೆಂಪು ಕಾಳು, ಹಲ್ಲಿಗೆ ಸಿಕ್ಕರೆ ಕಟಕ್ ಅನ್ನುವ ಹಾಗೆ. ಹೊರಗೆ ಬೈಕುಲ್ಲಾದ ನಮ್ಮ ಚರ್ಚಿನ ಅಂಗಳದಲ್ಲಿ ಇಡೀ ಸಭೆ ಎಲೆ ಮುಂದಿಟ್ಟುಕೊಂಡು ಕೂತಿತ್ತು. ನಾನೋ, ಸಯನ್ ಕಡೆಯ ಒಂದು ದೊಡ್ಡ ಆಸ್ಪತ್ರೆಯ ಅಡಿಗೆಮನೆಯಲ್ಲಿ ದಿನಾ ನೂರಾರು ರೋಗಿಗಳಿಗೆ ಅಡಿಗೆ ಮಾಡಿ ಕಳಿಸುವವಳು. ಅನ್ನ ಮಾಡುವುದು ನನಗೆ ಗೊತ್ತಿಲ್ಲ ಅಂತ ಯಾರಾದರೂ ಅಂದಿದ್ದರೆ ಅವತ್ತಿನವರೆಗೆ ಜಗಳಕ್ಕೇ ಹೋಗುತ್ತಿದ್ದೆ.

ನನ್ನ ಪಕ್ಕದಲ್ಲಿ ಅದೇ ಆಸ್ಪತ್ರೆಯ ನರ್ಸು ನಿಂತಿದ್ದಳು. ಉಡುಪಿ ಕಡೆಯವಳು, ನನ್ನ ಗೆಳತಿ, ಬಾಯಿ ಮಾತ್ರ ಕತ್ತರಿ. ಹಂಡೆಯೊಳಗೆ ಇಣುಕಿ, "ಎಂತ ಮಾರಾಯ್ತಿ ಇದು? ಊಟಕ್ಕಾ ಅಲ್ಲ ಗೋಡೆಗೆ ಪೋಸ್ಟರ್ ಅಂಟಿಸ್ಲಿಕ್ಕಾ?" ಅಂದಳು.

"ನಕ್ಕೊಂತ ನಿಂದ್ರಬ್ಯಾಡವಾ, ಸಾರಿಗೆ ಇನ್ನಷ್ಟು ನೀರ ಹಾಕು. ಹ್ಯಾಂಗರೆ ಮಾಡಿ ನುಂಗಲಿ," ಅಂದೆ. ಅಳು ಬರುವುದೊಂದು ಬಾಕಿ.

ಆದದ್ದು ಇಷ್ಟೇ. ನಮ್ಮ ಸಭೆಯಲ್ಲಿ ಹಿಡಿ ಅಕ್ಕಿಯ ಪದ್ಧತಿ ಇತ್ತು. ಮನೆಯೊಡತಿ ಅಡಿಗೆಗೆ ಅಕ್ಕಿ ಅಳೆದುಕೊಂಡ ಮೇಲೆ, ಅದರಿಂದಲೇ ಒಂದು ಹಿಡಿ ತೆಗೆದು ಪಕ್ಕದ ಡಬ್ಬಿಗೆ ಹಾಕಬೇಕು. ಹೆಚ್ಚಿಗೆ ಅಳೆದು ಹಾಕುವುದಲ್ಲ, ಮನೆಯವರ ಪಾಲಿನಿಂದ ತೆಗೆದು ಹಾಕುವುದು. ಅದೇ ಅದರ ಗುಟ್ಟು. ಭಾನುವಾರ ಆ ಡಬ್ಬಿ ಚರ್ಚಿಗೆ ಬರುತ್ತದೆ. ಹಿಂದಿನವರು ಊರು ಬಿಟ್ಟು ಈ ಶಹರಕ್ಕೆ ಮಿಲ್ಲಿನಲ್ಲಿ ದುಡಿಯಲೆಂದು ಬಂದು, ಬಾಡಿಗೆ ಖೋಲಿಯಲ್ಲಿ ಪ್ರಾರ್ಥನೆ ಶುರು ಮಾಡಿದಾಗ ಅವರ ಬಳಿ ಕೊಡಲಿಕ್ಕೆ ಇದ್ದದ್ದು ಇದೊಂದೇ. ನಾವು ಕೂರುವ ಬೆಂಚುಗಳನ್ನು ರೈಲ್ವೆ ವರ್ಕ್‌ಶಾಪಿನ ಬಡಗಿಗಳು ತಮ್ಮ ರಜೆಯ ದಿನಗಳಲ್ಲಿ ಮಾಡಿದರು, ಅವರಿಗೆ ಅವತ್ತು ಹಾಕಿದ ಊಟ ಇದೇ ಹಿಡಿ ಅಕ್ಕಿಯದು ಅಂತ ನಮ್ಮ ಮುದುಕಿಯರು ಹೇಳುತ್ತಿದ್ದರು. ಗಂಟೆ ಹೊಡೆಯುವುದು, ನೆಲ ಒರೆಸುವುದು, ಹೆಣ ಎತ್ತುವುದು, ಎಲ್ಲವೂ ಹೀಗೇ ಒಬ್ಬೊಬ್ಬರ ಪಾಲಿನ ಕೆಲಸ. ನನ್ನ ಪಾಲಿಗೆ ಅಕ್ಕಿ ಬಂದಿತ್ತು.

ಸಭೆಯಲ್ಲಿ ಎರಡು ಕಡೆಯವರು. ಕರಾವಳಿಯವರು ಕುಚ್ಚಲಕ್ಕಿ ಉಣ್ಣುವವರು. ಹೆಚ್ಚಾಗಿ ಫೋರ್ಟಿನ ಆಫೀಸು, ಬ್ಯಾಂಕು, ಆಸ್ಪತ್ರೆ ಅಂತ ಕೆಲಸದಲ್ಲಿದ್ದರು. ನಾವು ಗದಗ, ಬೆಟಗೇರಿ, ಧಾರವಾಡದ ಕಡೆಯವರು. ನಮಗೆ ಜೋಳದ ರೊಟ್ಟಿ ಮೊದಲು, ಅಕ್ಕಿ ಅಂದರೆ ಬೆಳ್ಳಗಿನ ಅಕ್ಕಿ. ನಮ್ಮ ಗಂಡಸರು ಬಹಳ ಮಂದಿ ಮಿಲ್ಲಿನಲ್ಲಿ ನೇಕಾರರು. ಕುಚ್ಚಲಕ್ಕಿ ಬೇಯುವ ಹೊತ್ತಿಗೆ ನಮ್ಮ ಅಕ್ಕಿ ಕರಗಿ ಗಂಜಿಯಾಗುತ್ತದೆ. ವರ್ಷಾನುವರ್ಷ ಎರಡೂ ಒಂದೇ ಗೋಣಿಗೆ ಬೀಳುತ್ತಿತ್ತು. ನನಗಿಂತ ಮೊದಲು ಈ ಕೆಲಸ ನೋಡುತ್ತಿದ್ದ ಅಜ್ಜಿ ಅದನ್ನು ಊಟಕ್ಕೆ ಬೇಯಿಸುತ್ತಿರಲಿಲ್ಲ, ಕಾಯಿಲೆಯವರ ಮನೆಗೆ ಗಂಜಿಗೆಂದು ಹಂಚಿಬಿಡುತ್ತಿದ್ದಳು. ನಾನು ಶಾಣ್ಯಾಳು ನೋಡಿ, ಗೋಣಿಯನ್ನು ಹಾಗೇ ಹಂಡೆಗೆ ಸುರಿದಿದ್ದೆ.

ಮರ್ಯಾದೆ ಹೋದವಳಿಗೆ ಹಟ ಜಾಸ್ತಿ. ಮುಂದಿನ ಭಾನುವಾರವೇ ಹೊಸ ಕ್ರಮ ತಂದೆ. ಎರಡು ದೊಡ್ಡ ತಾಮ್ರದ ಪಾತ್ರೆ ತಿಕ್ಕಿ ಹೊಳೆಯುವಂತೆ ಮಾಡಿ, ಪ್ರಸಂಗಪೀಠದ ಕೆಳಗೆ ಎಡಕ್ಕೊಂದು ಬಲಕ್ಕೊಂದು ಇಟ್ಟೆ. ಎಡದ್ದು ಕುಚ್ಚಲಕ್ಕಿಗೆ, ಬಲದ್ದು ಬಿಳಿ ಅಕ್ಕಿಗೆ. ಎರಡನೇ ಸಂಗೀತ, ಅಂದರೆ ಎರಡನೇ ಸ್ತುತಿಗೀತೆ, ಹಾಡುವಾಗ ಹೆಂಗಸರು ಸಾಲಾಗಿ ಮುಂದೆ ಬಂದು, ತಮ್ಮ ತಮ್ಮ ಪಾತ್ರೆಗೆ ಎಲ್ಲರೆದುರೇ ಸುರಿಯಬೇಕು. ಬೆರಕೆಯಾಗುವ ಪ್ರಶ್ನೆಯೇ ಇಲ್ಲ. ಮೇಲಿಂದ, ಒಬ್ಬರು ಸುರಿಯುವುದನ್ನು ನೋಡಿ ಇನ್ನೊಬ್ಬರಿಗೂ ಹುಮ್ಮಸ್ಸು ಬಂದು ಡಬ್ಬಿಗಳು ತುಂಬತೊಡಗಿದವು. ಸಭಾಪಾಲಕರು, ನಾವೆಲ್ಲ ಅಯ್ಯನವರು ಅನ್ನುತ್ತಿದ್ದೆವು, ನನ್ನನ್ನು ಹೊಗಳಿದರು. ನಾನು ಉಬ್ಬಿಹೋದೆ. ಸುಳ್ಳು ಯಾಕೆ ಹೇಳಲಿ.

ತಾಮ್ರಕ್ಕೆ ಒಂದು ಗುಣ ಇದೆ. ತುಂಬಿದ ಡಬ್ಬಿ ಸುರಿದರೆ ದೀರ್ಘವಾಗಿ ಜರ್ರ್ ಅನ್ನುತ್ತದೆ. ಒಂದೇ ಹಿಡಿ ಬಿದ್ದರೆ ಚಟಪಟ ಅಂದು ನಿಂತುಬಿಡುತ್ತದೆ. ಹಿಂದಿನ ಬೆಂಚಿನಲ್ಲಿ ಕಣ್ಣು ಮುಚ್ಚಿ ಕೂತವರಿಗೂ ಯಾರು ಎಷ್ಟು ತಂದರು ಅಂತ ತಿಳಿಯುತ್ತಿತ್ತು. ಆ ಸದ್ದು ನನಗೂ ಕೇಳುತ್ತಿತ್ತು. ಆದರೆ ಅದು ಬೇರೆಯವರಿಗೆ ಹೇಗೆ ಕೇಳುತ್ತಿರಬಹುದು ಅಂತ ನಾನು ಯೋಚನೆ ಮಾಡಲಿಲ್ಲ.

ಎಪ್ಪತ್ತರ ದಶಕ ಶುರುವಾಗಿ ಎರಡು ಮೂರು ವರ್ಷವಾಗಿತ್ತು. ರೇಶನ್ ಅಂಗಡಿಯಲ್ಲಿ ಗಂಟೆಗಟ್ಟಲೆ ಲೈನು ನಿಂತರೂ ಅಕ್ಕಿ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಅಂಥ ಹೊತ್ತಿನಲ್ಲಿ, ನಮ್ಮ ನೇಕಾರರು ಬಹಳ ಮಂದಿ ದುಡಿಯುತ್ತಿದ್ದ ಮಿಲ್ಲಿಗೆ ಲಾಕೌಟ್ ಆಯಿತು. ಮೊದಲ ವಾರ ಯಾರೂ ಹೆದರಲಿಲ್ಲ. ನಾಲ್ಕು ದಿನದ ಮಾತು ಅಂದರು. ತಿಂಗಳು ದಾಟಿತು. ಬಲಗಡೆಯ ಪಾತ್ರೆಯ ಸದ್ದು ಸಣ್ಣದಾಯಿತು, ಚಟಪಟ ಆಯಿತು. ಕೊನೆಗೆ ಒಂದು ಭಾನುವಾರ ಸಂಗೀತ ಮುಗಿದಾಗ ಎಡದ ಪಾತ್ರೆ ಕಂಠಮಟ್ಟ ತುಂಬಿತ್ತು, ಬಲದ್ದರಲ್ಲಿ ತಳ ಹೊಳೆಯುತ್ತಿತ್ತು. ತಿಕ್ಕಿ ಹೊಳಪು ಮಾಡಿದವಳು ನಾನೇ.

ಅಕ್ಕಿ ಇಲ್ಲದ್ದು ಹೋಗಲಿ, ಜನರೇ ಇರಲಿಲ್ಲ. ನಮ್ಮ ಕಡೆಯವರು ಕೂರುವ ಬಲಗಡೆಯ ಬೆಂಚುಗಳು ಖಾಲಿ ಬೀಳುತ್ತಾ ಬಂದವು. ಹಾಡುವವರ ಬೆಂಚಿನಲ್ಲಿ ಒಬ್ಬ ನೇಕಾರನ ಹೆಂಡತಿ ಇದ್ದಳು. ನಮ್ಮ ಸಂಗೀತಗಳಿಗೆ ಮೊದಲ ಧ್ವನಿ ಎತ್ತುವವಳು ಅವಳು. ಹಾರ್ಮೋನಿಯಂ ತಪ್ಪಿದರೂ ಅವಳು ತಪ್ಪುತ್ತಿರಲಿಲ್ಲ. ಅವಳು ಮೂರು ಭಾನುವಾರ ಬರಲಿಲ್ಲ. ಅವಳಿಲ್ಲದೆ ನಾವು ಹಾಡಿದ್ದು ಕೇಳಬೇಕಿತ್ತು, ಒಬ್ಬರು ಲೋಕಲ್ ರೈಲು ಹಿಡಿಯುವ ಅವಸರದಲ್ಲಿ, ಇನ್ನೊಬ್ಬರು ನಿದ್ದೆಗಣ್ಣಿನಲ್ಲಿ. ನಾಲ್ಕನೇ ವಾರ ನಾನೇ ಅವಳಿದ್ದ ಚಾಳಿಗೆ, ಆ ಸಾಲುಖೋಲಿಗಳ ಕಟ್ಟಡಕ್ಕೆ, ಹೋದೆ.

ಮೂರನೇ ಮಾಳಿಗೆ. ಮಕ್ಕಳು ಮೂವರೂ ಕಾಮನ್ ಗ್ಯಾಲರಿಯಲ್ಲಿ ಹಿಂದಿಯಲ್ಲಿ ಜಗಳಾಡುತ್ತಿದ್ದರು. ಅವಳು ನನಗೆ ಸಕ್ಕರೆಯಿಲ್ಲದ ಚಾ ಕೊಟ್ಟಳು, ಸಕ್ಕರೆ ಆರೋಗ್ಯಕ್ಕೆ ಒಳ್ಳೇದಲ್ಲ ಅಂತ ತಾನೇ ಹೇಳಿದಳು. ಚರ್ಚಿನ ಅಕ್ಕಿ ಡಬ್ಬಿ ತೊಳೆದು ಕಿಟಕಿಯಲ್ಲಿ ಬೋರಲು ಹಾಕಿತ್ತು.

"ಯಾಕ ಬರವಲ್ಲಿ?" ಅಂದೆ.

"ಮೈಯಾಗ ಆರಾಮಿಲ್ಲರಿ."

"ಸುಳ್ಳ ಹೇಳಬ್ಯಾಡ. ನಾ ದವಾಖಾನಿಯಾಗ ಇರಾಕಿ."

ಅವಳು ಡಬ್ಬಿಯ ಕಡೆ ಕೈ ಮಾಡಿದಳು. "ಖಾಲಿ ಡಬ್ಬಿ ಹಿಡಕೊಂಡು ಹ್ಯಾಂಗ ಬರಲಿ ಅಕ್ಕಾರ? ಎಲ್ಲಾರೂ ಎದ್ದು ಮುಂದ ಹೋಗೂ ಮುಂದ, ನಾ ಒಬ್ಬಾಕಿ ಕುಂತಿರಲೇನು? ನಮ್ಮವ್ವ, ನಮ್ಮತ್ತಿ, ಪ್ಲೇಗ್ ಬಂದಾಗೂ ಹಿಡಿ ಅಕ್ಕಿ ತಪ್ಪಿಸಿಲ್ಲಂತ. ನಾ ತಪ್ಪಿಸಿದೆ."

"ಕುಂತರ ಏನಾತು? ದೇವರಿಗೆ ಗೊತ್ತಿಲ್ಲೇನು?"

"ದೇವರಿಗೆ ಗೊತ್ತರಿ. ದೇವರ ಮುಂದ ನನಗ ನಾಚಿಕಿಲ್ಲ. ಮಂದಿ ಮುಂದ ಐತಿ." ಅವಳು ನನ್ನ ಮುಖ ನೋಡಲಿಲ್ಲ. "ಹುಡುಗರನ್ನ ಕರಕೊಂಡು ಊರಿಗೇ ಹೋಗೂಣು ಅಂತ ಅವರು ಅನ್ನಾಕ ಹತ್ಯಾರ. ಅಲ್ಲಿ ಏನೈತಿ? ಇಲ್ಲಿ ಸಭಾ ಐತಿ ಅಂತ ನಾ ಇಷ್ಟ ದಿನಾ ತಡದೆ. ಈಗ ಅದೂ ಇಲ್ಲ."

ನಾನು ಮೆಟ್ಟಿಲಿಳಿದು ಬಂದೆ. ಆ ಪಾತ್ರೆ ಅಲ್ಲಿ ಇಟ್ಟವಳು ನಾನು. ಹೊಗಳಿಸಿಕೊಂಡವಳು ನಾನು.

ಸಭೆಯ ಹಿರಿಯರೊಬ್ಬರಿಗೆ ಹೇಳಿದೆ. ಫೋರ್ಟಿನ ಬ್ಯಾಂಕೊಂದರಲ್ಲಿ ತಲೆಗೂದಲು ನರೆಯುವ ತನಕ ದುಡಿದು ನಿವೃತ್ತರಾದ ಮಂಗಳೂರಿನವರು. ಅಂಗಿಯ ಇಸ್ತ್ರಿ ಎಂದೂ ಮುರಿಯದ ಮನುಷ್ಯ. ಒಳ್ಳೆಯವರೇ, ಆದರೆ ಯಾವುದನ್ನೂ ಸದ್ದಿಲ್ಲದೆ ಮಾಡುವುದು ಅವರಿಗೆ ಗೊತ್ತಿರಲಿಲ್ಲ. ಮರುದಿನವೇ ಎಡದ ಪಾತ್ರೆಯ ಅಕ್ಕಿಯನ್ನು ಗೋಣಿಗೆ ತುಂಬಿ, ಹಮಾಲನ ತಲೆ ಮೇಲೆ ಹೊರಿಸಿ, ಚಾಳಿನ ಅಂಗಳದಲ್ಲಿ ನಿಂತು ಅವಳ ಗಂಡನ ಹೆಸರು ಹಿಡಿದು ಕೂಗಿದರಂತೆ. ಇಡೀ ಚಾಳು ಗ್ಯಾಲರಿಗೆ ಬಂದು ನಿಂತಿತು. ಅವಳು ಕೆಳಗಿಳಿದು ಬಂದು, ಕೈಮುಗಿದು, ನಮಗೆ ಬೇಡ, ಬೇರೆಯವರಿಗೆ ಕೊಡಿ ಅಂದಳು. ಗೋಣಿ ಬಂದ ದಾರಿಯಲ್ಲೇ ವಾಪಸು ಹೋಯಿತು.

"ನಾನು ಎಂತ ತಪ್ಪು ಮಾಡಿದ್ದು ಹೇಳಿ," ಅಂತ ಹಿರಿಯರು ನನ್ನನ್ನೇ ಕೇಳಿದರು. ಮುಖ ಬಾಡಿತ್ತು. "ಕೊಡ್ಲಿಕ್ಕೆ ಹೋದದ್ದಲ್ವಾ ನಾನು?"

ಆಸ್ಪತ್ರೆಯ ಅಡಿಗೆಮನೆಯಲ್ಲಿ ಎರಡು ದಿನ ಅದೇ ಪ್ರಶ್ನೆ ತಲೆಯಲ್ಲಿ ಗಿರಗಿಟ್ಟಿಯ ಹಾಗೆ ಸುತ್ತಿತು. ಕೊಡುವವರ ಕೈಯೂ ತೆಗೆದುಕೊಳ್ಳುವವರ ಕೈಯೂ ಒಂದೇ ಕಡೆ ಹೋಗಬೇಕು, ಯಾವ ಕೈ ಯಾವುದಕ್ಕೆ ಹೋಯಿತು ಅಂತ ಗೊತ್ತಾಗಬಾರದು. ಮೂರನೇ ದಿನ ಸ್ಟೋರಿನಲ್ಲಿ ಹಳೆಯ ಬಟ್ಟೆಯ ರಾಶಿ ವಿಂಗಡಿಸುತ್ತಿದ್ದರು. ಡಾಕ್ಟರುಗಳು ಆಪರೇಶನ್ನಿಗೆ ಹಾಕಿಕೊಳ್ಳುವ ಹಸಿರು ಗೌನು, ಬೆನ್ನು ಹರಿದದ್ದು, ನನ್ನ ಕಣ್ಣಿಗೆ ಬಿತ್ತು. ಉದ್ದ ತೋಳು, ಮಣಿಕಟ್ಟಿಗೆ ಬಿಗಿಯಾಗಿ ಹಿಡಿಯುವ ಪಟ್ಟಿ. ಮೇಟ್ರನ್ನಿಗೆ ಕೇಳಿ ಅದನ್ನು ಮನೆಗೆ ತಂದೆ.

ಎರಡು ಮೊಳ ಉದ್ದದ ದಪ್ಪ ಗಾದಿ ಬಟ್ಟೆಯ ಚೀಲ ಹೊಲಿದೆ. ಬಾಯಿಯನ್ನು ಒಂದು ಕೈ ಹೋಗುವಷ್ಟು ಬಿಟ್ಟು ಮುಚ್ಚಿ, ಅಲ್ಲಿಗೆ ಗೌನಿನ ತೋಳನ್ನು ತಿರುವಿ ಜೋಡಿಸಿದೆ. ಕೈ ತೂರಿಸಿದರೆ ಮಣಿಕಟ್ಟಿನ ತನಕ ಹೋಗುತ್ತದೆ, ಪಟ್ಟಿ ಮುಂಗೈಯನ್ನು ಹಿಡಿದುಕೊಳ್ಳುತ್ತದೆ, ಒಳಗೆ ಬೆರಳು ಏನು ಮಾಡಿತು ಅಂತ ಹೊರಗೆ ಕಾಣುವುದಿಲ್ಲ. ಮೊದಲ ಸಲ ಪಟ್ಟಿ ಬಹಳ ಬಿಗಿಯಾಗಿ, ಅಕ್ಕಿ ಹಿಡಿದ ಮುಷ್ಟಿ ಹೊರಗೆ ಬರಲಿಲ್ಲ. ಬಿಚ್ಚಿ ಎರಡು ಬೆರಳು ಸಡಿಲ ಮಾಡಿದೆ. ನನ್ನ ಗಂಡ ಬಸ್ ಡಿಪೋದಲ್ಲಿ ಫಿಟ್ಟರ್. ಅವರ ದೊಡ್ಡ ಕೈಯನ್ನೂ ಹಾಕಿಸಿ ನೋಡಿದೆ. "ಮುಷ್ಟಿ ಬರ್ತೈತಿ, ಮಾನ ಬರ್ತೈತೋ ನೋಡು," ಅಂದರು. ಅವರ ಮಾತೇ ಹಾಗೆ.

ಒಂದೇ ಚೀಲ. ಅಂದರೆ ಮತ್ತೆ ಬೆರಕೆ. ನಾನೇ ತಂದ ಕ್ರಮವನ್ನು ನಾನೇ ಮುರಿಯಬೇಕು. ಎರಡು ಚೀಲ ಇಟ್ಟರೆ ಮತ್ತೆ ಎಡ, ಬಲ, ಅವರದು, ಇವರದು. ಬೆರಕೆ ಅಕ್ಕಿ ಊಟಕ್ಕೆ ಬರುವುದಿಲ್ಲ, ನಿಜ. ಆದರೆ ಸಣ್ಣ ಉರಿಯಲ್ಲಿ ಬಹಳ ಹೊತ್ತು ಇಟ್ಟರೆ ಗಂಜಿಗೆ ಅದರಂಥದ್ದಿಲ್ಲ. ಬಿಳಿ ಅಕ್ಕಿ ಕರಗಿ ನೀರು ಗಟ್ಟಿಯಾಗುತ್ತದೆ, ಕುಚ್ಚಲಕ್ಕಿ ಕಾಳಾಗಿ ಬಾಯಿಗೆ ಸಿಗುತ್ತದೆ. ಹಳೆಯ ಅಜ್ಜಿಗೆ ಇದೆಲ್ಲ ಗೊತ್ತಿತ್ತು. ನಾನು ತಾಮ್ರದ ಪಾತ್ರೆ ಎರಡನ್ನೂ ಅಡಿಗೆ ಕೋಣೆಯ ಅಟ್ಟಕ್ಕೆ ಹಾಕಿದೆ.

ಹಿರಿಯರ ಸಭೆಯಲ್ಲಿ ಚೀಲವನ್ನು ಮೇಜಿನ ಮೇಲಿಟ್ಟು ವಿವರಿಸಿದೆ. ಎಲ್ಲರೂ ಅಯ್ಯನವರ ಮುಖ ನೋಡಿದರು. ಬ್ಯಾಂಕಿನ ಹಿರಿಯರು ಮಾತ್ರ ಬೇಡ ಅನ್ನುವಂತೆ ತಲೆಯಾಡಿಸಿದರು.

"ಇದು ಆಗ್ಲಿಕ್ಕಿಲ್ಲ. ದೇವರ ಪಾಲು ಅಂತ ಕೊಟ್ಟದ್ದಕ್ಕೆ ಯಾರು ಬೇಕಾದ್ರೂ ಕೈ ಹಾಕಿ ತೆಗೆಯುವುದು ಅಂದ್ರೆ ಎಂತ? ನಾಳೆ ಚೀಲ ಖಾಲಿಯಾದ್ರೆ? ವಾರ ವಾರ ತೂಕ ಆದ್ರೂ ಮಾಡ್ಬೇಕು."

"ತೂಕ ಮಾಡಿದರ ಮತ್ತ ಅದ ಆತು," ಅಂದೆ. ಸಿಟ್ಟು ನೆತ್ತಿಗೇರಿತ್ತು. "ಎಷ್ಟು ಕಮ್ಮಿ ಆತು, ಯಾರು ಒಯ್ದರು ಅಂತ ಹುಡುಕಾಕ ಶುರು ಮಾಡ್ತೀವಿ. ದೇವರ ಪಾಲು ಅಂತೀರಿ. ಅವರ ಹುಡುಗರು ಯಾರ ಪಾಲು?"

ನನ್ನ ಜೊತೆಗೆ ಬಂದಿದ್ದ ನರ್ಸು ಒಂದು ಪ್ರಶ್ನೆ ಕೇಳಿದಳು, ಇದನ್ನು ಒಳಗಿನ ಕೋಣೆಯಲ್ಲಿ ಇಟ್ಟರೆ ಯಾರೂ ನೋಡುವುದಿಲ್ಲವಲ್ಲ ಅಂತ. ಒಳಗಿನ ಕೋಣೆಗೆ ಒಬ್ಬಳೇ ಹೋದವಳು ಯಾಕೆ ಹೋದಳು ಅಂತ ಎಲ್ಲರಿಗೂ ಗೊತ್ತಾಗುತ್ತದಲ್ಲ ಅಂದೆ. ಎಲ್ಲರೂ ಬರುವ ದೊಡ್ಡ ಬಾಗಿಲ ಪಕ್ಕದಲ್ಲೇ ಇರಬೇಕು, ಗಂಡಸು ಹೆಂಗಸು ಎನ್ನದೆ ಎಲ್ಲರೂ ಕೈ ಹಾಕಿಯೇ ಒಳಗೆ ಬರಬೇಕು.

"ನನ್ನ ಕೈಯೂ?" ಅಂತ ಅಯ್ಯನವರು ಕೇಳಿದರು.

"ಎಲ್ಲಾರಕಿಂತ ಮೊದಲು ನಿಮ್ಮದರಿ."

ಅವರು ನಕ್ಕು, ಹಾಗಾದರೆ ಆಗಲಿ ಅಂದರು. ಬ್ಯಾಂಕಿನ ಹಿರಿಯರು ತಮ್ಮ ಒಪ್ಪಿಗೆ ಇಲ್ಲ ಅಂತ ಹೇಳಿ, ಕೊಡೆ ತೆಗೆದುಕೊಂಡು ಹೊರಟುಹೋದರು.

ಮೊದಲ ಭಾನುವಾರ ಚೀಲಕ್ಕೆ ಅಡಿಪಾಯವಾಗಿ ಚಾಳಿನಿಂದ ವಾಪಸು ಬಂದ ಗೋಣಿಯ ಅಕ್ಕಿಯನ್ನೇ ತುಂಬಿ, ಬಾಗಿಲ ಪಕ್ಕದ ಗೂಟಕ್ಕೆ ತೂಗುಹಾಕಿ, ಸೀರೆಯ ನೆರಿಗೆ ಸರಿ ಮಾಡಿಕೊಂಡು ಪಕ್ಕದಲ್ಲಿ ನಿಂತೆ. ಎಲ್ಲ ಮನೆಗಳಿಗೂ ಮೊದಲೇ ಹೇಳಿ ಕಳಿಸಿದ್ದೆ. ತರುವವರು ಮನೆಯಿಂದಲೇ ಸೆರಗಿನಲ್ಲಿ, ಜೇಬಿನಲ್ಲಿ ಅಕ್ಕಿ ತಂದು, ಮುಷ್ಟಿಯಲ್ಲಿ ಹಿಡಿದು ಒಳಗೆ ಹಾಕಬೇಕು. ಬೇಕಾದವರು ತೆಗೆದುಕೊಳ್ಳಬೇಕು. ಒಂದು ಹಿಡಿಯಿಂದ ಸಂಸಾರ ನಡೆಯುವುದಿಲ್ಲ, ಒಬ್ಬರ ಒಂದು ಹೊತ್ತಿನ ಗಂಜಿ ಅದು. ಆದರೆ ಐದು ಜನರ ಮನೆಯಿಂದ ಐದು ಕೈ ಬಂದರೆ ಒಂದು ಪಾತ್ರೆ ಗಂಜಿ. ಬುಧವಾರದ ಪ್ರಾರ್ಥನೆಗೆ ಬಂದರೆ ಇನ್ನೊಂದು. ಎಲ್ಲಕ್ಕಿಂತ ಹೆಚ್ಚಾಗಿ, ಬರಲಿಕ್ಕೆ ಒಂದು ದಾರಿ ಆಯಿತಲ್ಲ.

ಆ ಭಾನುವಾರ ಅವಳು ಬರಲಿಲ್ಲ. ಬುಧವಾರ ಮತ್ತೆ ಚಾಳಿಗೆ ಹೋಗಿ, ಒಂದು ಸಲ ಬಂದು ನೋಡು, ನನ್ನ ಮೇಲೆ ಆಣೆ ಅಂದೆ. ಎರಡನೇ ಭಾನುವಾರ ಬಂದಳು, ಮಕ್ಕಳಿಗೆ ತಲೆ ಬಾಚಿ, ಗಂಡನನ್ನೂ ಕರೆದುಕೊಂಡು. ಸಾಲಿನಲ್ಲಿ ಅವಳ ಮುಂದೆ ಏಳೆಂಟು ಜನ. ಅವಳು ಅವರನ್ನು ನೋಡುತ್ತಾ ನಿಂತಳು. ನಾನೂ ಅವಳ ಕಣ್ಣಿನ ದಾರಿಯಲ್ಲೇ ನೋಡಿದೆ. ಆಗ ನನ್ನ ಬುದ್ಧಿಗೆ ಹೊಳೆಯಿತು. ಅಯ್ಯೋ ದೇವರೇ, ಎಂಥ ಹೆಡ್ಡಿ ನಾನು!

ಕೊಡುವವರ ಕೈ ಮುಷ್ಟಿ ಕಟ್ಟಿಕೊಂಡು ಒಳಗೆ ಹೋಗುತ್ತಿತ್ತು, ಬಿಚ್ಚಿಕೊಂಡು ಹೊರಗೆ ಬರುತ್ತಿತ್ತು. ಅಂಟಿದ ಒಂದೆರಡು ಕಾಳನ್ನು ಅಂಗೈ ತಟ್ಟಿ ಉದುರಿಸುತ್ತಿದ್ದರು ಬೇರೆ. ತೆಗೆದುಕೊಂಡವರ ಕೈ ಮುಷ್ಟಿಯಾಗಿ ಹೊರಬರಲೇಬೇಕಲ್ಲ! ತೋಳು ಹೊಲಿದೆ, ಪಟ್ಟಿ ಹೊಲಿದೆ, ಒಳಗೆ ಹೋದ ಕೈ ಹೊರಗೆ ಬರುತ್ತದೆ ಅನ್ನುವುದೇ ನನಗೆ ನೆನಪಾಗಿರಲಿಲ್ಲ.

ಅವಳ ಸರದಿ ಬಂತು. ಮುಷ್ಟಿ ಕಟ್ಟಿ ಕೈ ತೂರಿಸಿದಳು. ಗಾದಿ ಬಟ್ಟೆಯ ಚೀಲದಲ್ಲಿ ಅಕ್ಕಿ ಬಿದ್ದರೆ ಪಕ್ಕದಲ್ಲಿ ನಿಂತವಳಿಗೆ ಮಾತ್ರ ಒಂದು ಸಣ್ಣ ಸದ್ದು ಕೇಳುತ್ತದೆ. ಏನೂ ಕೇಳಲಿಲ್ಲ. ಕೈ ಹೊರಗೆ ತೆಗೆದಳು. ಬೆರಳು ಅಗಲವಾಗಿ ಬಿಚ್ಚಿದ್ದವು. ಖಾಲಿ ಮುಷ್ಟಿ ಒಳಗೆ ಹೋಗಿ, ಖಾಲಿ ಅಂಗೈ ಹೊರಗೆ ಬಂತು. ಕೊಟ್ಟವರ ಹಾಗೆಯೇ ಅಂಗೈ ತಟ್ಟಿಕೊಂಡಳು. ಅವಳ ಹಿಂದೆ ಗಂಡ, ಅವನ ಹಿಂದೆ ಮಕ್ಕಳು, ಎಲ್ಲರೂ ಹಾಗೆಯೇ ಮಾಡಿದರು. ಮನೆಯಲ್ಲೇ ಹೇಳಿಕೊಟ್ಟು ಕರೆತಂದಿರಬೇಕು. ಕೊನೆಯ ಕೂಸು ಕೈ ಒಳಗಿಟ್ಟು ಸ್ವಲ್ಪ ಹೊತ್ತು ಹಾಗೇ ನಿಂತಿತು. ಅಕ್ಕಿ ಬೆರಳಿಗೆ ಸಿಕ್ಕಿರಬೇಕು. ತಾಯಿ ನೋಡಿದಳು, ಅದು ಕೈ ಬಿಟ್ಟು ತೆಗೆಯಿತು.

ಅವತ್ತು ಅವಳು ಹಾಡುವವರ ಬೆಂಚಿಗೆ ಹೋಗಲಿಲ್ಲ. ಹಿಂದೆ ಕೂತು, ಆಶೀರ್ವಾದ ಮುಗಿಯುವ ಮೊದಲೇ ಎದ್ದುಹೋದಳು. ಹೋಗುವಾಗ ನನಗೆ, "ಇನ್ನ ನಾಕೆಂಟು ದಿನಕ್ಕ ಊರಿಗೆ ಹೊಂಟೇವಿ ಅಕ್ಕಾರ, ಮುಂದಿನ ಐತವಾರ ಒಂದ ಸಲ ಬಂದು ಎಲ್ಲಾರನ್ನೂ ನೋಡಿ ಹೋಗ್ತೇನಿ," ಅಂದಳು.

ನಾನು ಚೀಲದ ಪಕ್ಕದ ಮೆಟ್ಟಿಲಿನ ಮೇಲೆ ಕೂತು ಅತ್ತೆ. ಬ್ಯಾಂಕಿನ ಹಿರಿಯರು ಬಂದು ಕೊಡೆಯೂರಿ ನಿಂತರು. ಸಾಲಿನಲ್ಲಿ ಅವರು ಅವಳ ಮಕ್ಕಳ ಹಿಂದೆಯೇ ಇದ್ದರು.

"ನಾನು ನೋಡಿದೆ," ಅಂದರು.

"ನೋಡಿದರ ನೋಡ್ರಿ. ನಿಮ್ಮ ಮಾತ ಖರೆ ಆತು. ಈ ಚೀಲ ತಗದು ಒಗಿತೇನಿ."

"ಒಗಿಯುವುದು ಬೇಡ." ಅವರು ಕೊಡೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು, "ಆ ಸಣ್ಣ ಮಗು ಕೈ ಬಿಟ್ಟಿತಲ್ಲ, ಅದನ್ನು ನನಗೆ ನೋಡ್ಲಿಕ್ಕೆ ಆಗ್ಲಿಲ್ಲ," ಅಂದು ಕನ್ನಡಕ ಒರೆಸಿಕೊಂಡು ಹೋದರು.

ಆ ವಾರ ನನಗೆ ಬೇರೆ ಉಪಾಯ ಯಾವುದೂ ಹೊಳೆಯಲಿಲ್ಲ. ಪ್ರಾರ್ಥನೆ ಮಾಡಿದೆ ಅಂತ ಹೇಳಬಹುದು, ಆದರೆ ನಿಜ ಹೇಳಬೇಕೆಂದರೆ ಹೆಚ್ಚಾಗಿ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡೆ. ಭಾನುವಾರ ಮತ್ತೆ ಚೀಲ ತೂಗುಹಾಕಿದೆ, ಯಾಂತ್ರಿಕವಾಗಿ.

ಅವಳು ಸಂಸಾರ ಸಮೇತ ಬಂದು ಸಾಲಿನಲ್ಲಿ ನಿಂತಿದ್ದಳು. ಎಲ್ಲರಿಗಿಂತ ಮುಂದೆ ಬ್ಯಾಂಕಿನ ಹಿರಿಯರು. ಅಷ್ಟು ಬೇಗ ಅವರು ಎಂದೂ ಬರುತ್ತಿರಲಿಲ್ಲ. ಮುಷ್ಟಿ ಕಟ್ಟಿ ಕೈ ತೂರಿಸಿದರು. ಅಕ್ಕಿ ಬಿದ್ದ ಸದ್ದು ನನಗೆ ಕೇಳಿತು. ಆಮೇಲೆ ಕೈ ಹೊರಗೆ ಬಂತು, ಮುಷ್ಟಿ ಕಟ್ಟಿಕೊಂಡೇ. ಆ ಮುಷ್ಟಿಯನ್ನು ಎದೆಯ ಎತ್ತರಕ್ಕೆ, ಎಲ್ಲರಿಗೂ ಕಾಣುವ ಹಾಗೆ ಹಿಡಿದುಕೊಂಡು, ಬಾಗಿಲಲ್ಲಿ ನಿಂತಿದ್ದ ಅಯ್ಯನವರಿಗೆ ಎಡಗೈ ಕೊಟ್ಟು, ಸೀದಾ ಮೊದಲ ಬೆಂಚಿಗೆ ನಡೆದರು. ಆ ಮನುಷ್ಯ ಸದ್ದಿಲ್ಲದೆ ಏನೂ ಮಾಡಲಾರರು ಅಂದೆನಲ್ಲ.

ಸಾಲಿನಲ್ಲಿ ಗುಸುಗುಸು ಎದ್ದಿತು. "ಹಿರಿಯರ ಮನೆಯಲ್ಲೇ ಅಕ್ಕಿ ಇಲ್ವಾ?" ಅಂತ ಯಾರೋ ಅಂದರು. ನರ್ಸು ಎರಡನೆಯವಳು. ಅವಳು ನನ್ನ ಮುಖ ನೋಡಿದಳು, ಹಿರಿಯರ ಬೆನ್ನು ನೋಡಿದಳು. ಅವಳಿಗೆ ಅರ್ಥವಾಯಿತು. ಕೈ ಹಾಕಿ, ಮುಷ್ಟಿ ಬಿಗಿದು ತೆಗೆದು, "ಎಂತ ನೋಡುದು? ಮುಂದೆ ಹೋಗಿ," ಅಂತ ಹಿಂದಿನವರನ್ನು ಗದರಿಸಿದಳು. ಮೂರನೆಯವರೂ ಮುಷ್ಟಿ. ನಾಲ್ಕನೆಯವರೂ. ಅಲ್ಲಿಂದ ಮುಂದೆ ಯಾರೂ ಯಾರಿಗೂ ಹೇಳಲಿಲ್ಲ. ಆಫೀಸಿನವರು, ಮುದುಕಿಯರು, ಕನ್ನಡ ನೆಟ್ಟಗೆ ಬರದ ಕಾಲೇಜು ಹುಡುಗಿಯರು, ಒಬ್ಬರಾದ ಮೇಲೆ ಒಬ್ಬರು ಮುಷ್ಟಿ ಕಟ್ಟಿಕೊಂಡು ಒಳಗೆ ಹೋದರು.

ಅವಳ ಸರದಿ. ಮುಷ್ಟಿ ಒಳಗೆ ಹೋಯಿತು. ಸ್ವಲ್ಪ ಹೊತ್ತು ಅಲ್ಲೇ ಇತ್ತು. ನಾನು ಬೇಕೆಂದೇ ಗೂಟದ ಕಡೆ ಮುಖ ತಿರುಗಿಸಿ ನಿಂತೆ. ಅವಳ ಕೈ ಹೊರಗೆ ಬಂದಾಗ ಬೆರಳುಗಳು ಮುಚ್ಚಿದ್ದವು. ಕೊನೆಯ ಕೂಸಿನ ಮುಷ್ಟಿಯ ಸಂದಿಯಿಂದ ಎರಡು ಕಾಳು ನೆಲಕ್ಕೆ ಬಿದ್ದವು. ನಾನು ಕಾಲು ಸರಿಸಿ ಅವುಗಳ ಮೇಲೆ ಸೀರೆಯ ಅಂಚು ಬಿಟ್ಟೆ.

ಅವತ್ತಿನ ಆರಾಧನೆ ನೋಡಲು ತಮಾಷೆಯಾಗಿತ್ತು. ಸಂಗೀತದ ಪುಸ್ತಕವನ್ನು ಎಲ್ಲರೂ ಎಡಗೈಯಲ್ಲಿ ಹಿಡಿದಿದ್ದರು, ಪುಟ ತಿರುವಲಾಗದೆ ಮೊಣಕೈಯಿಂದ ಒದ್ದಾಡುತ್ತಿದ್ದರು. ಎರಡನೇ ಸಂಗೀತಕ್ಕೆ ಎಂದಿನ ಹಾಗೆ ಹಾರ್ಮೋನಿಯಂ ತಪ್ಪಿತು. ಆಗ ಹಾಡುವವರ ಬೆಂಚಿನಿಂದ ಅವಳ ಧ್ವನಿ ಎದ್ದು ಎಲ್ಲರನ್ನೂ ಹಿಡಿದು ನಿಲ್ಲಿಸಿತು. ಅವಳು ಯಾವಾಗ ಹೋಗಿ ಅಲ್ಲಿ ನಿಂತಳೋ ನಾನು ನೋಡಿರಲಿಲ್ಲ. ಸೆರಗಿನ ತುದಿಯಲ್ಲಿ ಸಣ್ಣ ಗಂಟು ಇತ್ತು, ಎರಡೂ ಕೈಯಲ್ಲಿ ಪುಸ್ತಕ ಇತ್ತು. ನನಗೆ ಹಾಡಲು ಆಗಲಿಲ್ಲ. ಸಂತೋಷಕ್ಕೆ ಬರೀ ಕೇಳುತ್ತಾ ನಿಂತೆ.

ಆರಾಧನೆ ಮುಗಿದು ಜನ ಚದುರಿದರು. ನಾನು ಚೀಲ ಇಳಿಸಿ ಹೊರಗೆ ಬಂದಾಗ ಬ್ಯಾಂಕಿನ ಹಿರಿಯರು ಬಸ್ ಸ್ಟಾಪಿನಲ್ಲಿ ನಿಂತಿದ್ದರು. ಬಲಗೈ ಇನ್ನೂ ಮುಷ್ಟಿ ಕಟ್ಟಿಕೊಂಡೇ ಇತ್ತು, ಕೊಡೆ ಕಂಕುಳಲ್ಲಿ.

"ಎಲ್ಲಾರೂ ಹೋದರು, ಇನ್ನರೆ ಕೈ ಬಿಡ್ರಿ," ಅಂದೆ.

ಅವರು ಕಣ್ಣಿನಿಂದಲೇ ಮುಂದೆ ತೋರಿಸಿದರು. ಅದೇ ಸಾಲಿನಲ್ಲಿ, ನಾಲ್ಕು ಜನರ ಆಚೆ, ಅವಳು ಸಂಸಾರ ಸಮೇತ ಬಸ್ಸಿಗೆ ಕಾಯುತ್ತಿದ್ದಳು. ಭಾನುವಾರದ ಬಸ್ಸು, ಬೇಗ ಬರುವುದೇ? ಬಿಸಿಲು ಏರಿತ್ತು. ಅವರ ಇಸ್ತ್ರಿ ಅಂಗಿ ಬೆನ್ನಿಗೆ ಅಂಟಿತ್ತು. ಮುಷ್ಟಿ ಬಿಡಲಿಲ್ಲ. ಕೊನೆಗೂ ಬಸ್ಸು ಬಂತು. ಅವಳು ಮಕ್ಕಳನ್ನು ಹತ್ತಿಸಿ, ತಾನು ಹತ್ತಿ, ಕಿಟಕಿಯಿಂದ ನಮ್ಮನ್ನು ನೋಡಿ, "ಬುಧವಾರ ಬರ್ತೇನ್ರಿ ಅಕ್ಕಾರ, ಪ್ರಾರ್ಥನಿಗೆ," ಅಂತ ಕೂಗಿದಳು. ಬಸ್ಸು ಹೊರಟು ತಿರುವಿನಲ್ಲಿ ಮರೆಯಾಯಿತು.

ಆಗ ಹಿರಿಯರು ಒಂದೊಂದೇ ಬೆರಳು ಬಿಡಿಸಿದರು. ಅಂಗೈಯಲ್ಲಿ ಒಂದು ಕಾಳೂ ಇರಲಿಲ್ಲ. ನಾಲ್ಕು ಉಗುರಿನ ಗುರುತು ಕೆಂಪಗೆ ಊರಿತ್ತು.

"ಮುಂದಿನ ಭಾನುವಾರ ಉಗುರು ಕತ್ತರಿಸಿಕೊಂಡು ಬರ್ಬೇಕು," ಅಂದರು.